ಐರ್ಲೆಂಡಿನ ಕಿಲ್ಲಲೂ: ಒಂದು ದಿನ ಸಾಕೇನ್ರಿ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ಜೂನ್‌ನ್ಯಾಗ ಲಿಮರಿಕ್‌ಗೆ ಹೊಂಟೇವ್ರಿ. ಲಾಕ್ ಡರ್ಗ್ ಸರೋವರದ ದಂಡಿ ಮ್ಯಾಲಿನ ಕಿಲ್ಲಲೂ ಊರಾಗ ಏನೇನ್ ನೋಡಬೇಕು? ಅವ್ವಗ ಏರು ಹತ್ತಾಕ ಆಗಂಗಿಲ್ಲ. ಯುಕೆ ವೀಸಾ ಅದ, ನಡೀತದೇನು?

ಉತ್ತರ 1:
ಒಂದು ದಿನ ಧಾರಾಳ ಆತ್ರಿ. ಮೊದಲು ಸೇಂಟ್ ಫ್ಲಾನನ್ ಕ್ಯಾಥೆಡ್ರಲ್. ಶಾನನ್ ನದಿ ಹತ್ರನ ಅದ, ಏರಿಲ್ಲ. ಒಳಗಿನ ಥಾರ್ಗ್ರಿಮ್ ಕಲ್ಲು ಬಿಡಬ್ಯಾಡ್ರಿ: ವೈಕಿಂಗರ ರೂನ್, ಐರಿಶರ ಓಗಮ್, ಎರಡೂ ಲಿಪಿ ಒಂದ ಕಲ್ಲಿನ್ಯಾಗ. ಅಕ್ಷರ ಸವದಾವ, ನೆಟ್ಟಗ ನಿಂತು ನೋಡಿದ್ರ ಕಾಣಂಗಿಲ್ಲ. ಬದಿಯಿಂದ ಓರೆ ಬೆಳಕು ಬಿದ್ರ ಗೆರಿ ಎದ್ದು ಕಾಣ್ತಾವ. ಲಕ್ಕುಂಡಿ ಶಾಸನ ಓದಾವ್ರಿಗೆ ಇದು ಹೊಸಾದಲ್ಲ.

ಮ್ಯಾಲ ಕ್ಯಾಥಲಿಕ್ ಚರ್ಚಿನ ಅಂಗಳದಾಗ ಸೇಂಟ್ ಲುವಾ ಪ್ರಾರ್ಥನಾ ಮಂದಿರ ಅದ. ಶಾನನ್ ವಿದ್ಯುತ್ ಯೋಜನೆಯಿಂದ ಅದಿದ್ದ ನಡುಗಡ್ಡಿ ಮುಳುಗೂದಿತ್ತು. ಕಲ್ಲು ಬಿಚ್ಚಿ ತಂದು ಇಲ್ಲಿ ಕಟ್ಟಿದ್ರು. ಬೀದಿ ಭಾಳ ಕಡಿದಾದ ಏರು, ಅವ್ವಾರನ್ನ ಕಾರಿನ್ಯಾಗ ಮ್ಯಾಲಿನ ತನಕ ಬಿಡ್ರಿ.

ಉತ್ತರ 2:
ವೀಸಾದಾಗ ಬಿಐವಿಎಸ್ (ಒಂದ ವೀಸಾದ ಮ್ಯಾಲ ಯುಕೆ, ಐರ್ಲೆಂಡ್ ಎರಡಕ್ಕೂ ಹೋಗೂ ವ್ಯವಸ್ಥೆ) ಅಂತ ನಮೂದಾಗಿದ್ರಷ್ಟ ನಡೀತದ, ಅದೂ ಮೊದಲು ಯುಕೆ ಹೊಕ್ಕು ಆಮ್ಯಾಲ. ಇಲ್ಲಾಂದ್ರ ಐರಿಶ್ ವೀಸಾನ ಬೇಕು. ಯುರೋಪಿನ ಷೆಂಗೆನ್ ವೀಸಾ ಇಲ್ಲಿ ಕೆಲಸಕ್ಕ ಬರಂಗಿಲ್ಲ.

ಮ್ಯಾಪ್‌ನ್ಯಾಗ ಬರೇ ‘ಲಾಕ್ ಡರ್ಗ್’ ಅಂತ ಹೊಡೀಬ್ಯಾಡ್ರಿ, ಡೊನೆಗಾಲ್ ಕೌಂಟಿಯಾಗ (ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ದಂಗ) ಇನ್ನೊಂದು ಅದ. ಹಳೇ ಸೇತುವೆ ದಾಟಿದ್ರ ಬ್ಯಾಲಿನಾ, ಟಿಪರೇರಿ ಕೌಂಟಿ. ಮೇಯೋದಾಗೂ ಒಂದು ಬ್ಯಾಲಿನಾ ಐತಿ. ಬಸ್ ಟಿಕೀಟು ತಗೋವಾಗ ಕೌಂಟಿ ಹೆಸರು ನೋಡ್ರಿ.

ಉತ್ತರ 3:
ಬೋಟಿಗೆ ಹೋಗಾವ್ರು ಮುಂಜಾನೆ ಫೋನ್ ಮಾಡಿ ಕೇಳ್ರಿ. ಉಣಕಲ್ ಕೆರಿಯಂಗಲ್ಲ ಈ ಲಾಕ್ ಡರ್ಗ್, 100 ಚದರ ಕಿ.ಮೀ. ದಾಟೇತಿ, ಗಾಳಿ ಎದ್ರ ತೆರಿ ಏಳ್ತಾವ. ಜೂನ್ ಆದ್ರೂ ಜಾಕೆಟ್ ಬೇಕ ಬೇಕು. ಸಂಜಿ ಅವಸರ ಬ್ಯಾಡ, ರಾತ್ರಿ ಹತ್ತರ ತನಕ ಬೆಳಕಿರ್ತದ.