ಹೋಗುವುದು ಮಾಲೋ, ದರವೋ? ದಾಸ್ತಾನು ಲೆಕ್ಕದ ಪದಗಳ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ಕಲಬುರಗಿಯಿಂದ ಶರಣು.

ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ದಾಸ್ತಾನಿಗೆ ಬೆಲೆ ಕಟ್ಟುವ ಪಾಠ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಎಡವುತ್ತೇವೆ. ಕೂಡಿಸುವುದು, ಗುಣಿಸುವುದು ಮಕ್ಕಳಿಗೆ ಬರುತ್ತದೆ. ಅವರನ್ನು ದಾರಿ ತಪ್ಪಿಸುತ್ತಿರುವುದು ನಾವು ಕೊಟ್ಟಿರುವ ಪದಗಳು. ಹಾಗಾಗಿ ನಿಮ್ಮೆದುರು ಇಡುತ್ತಿದ್ದೇನೆ.

ಮಾರಿದ ಮಾಲಿಗೂ ಉಳಿದ ದಾಸ್ತಾನಿಗೂ ಬೆಲೆ ಕಟ್ಟುವ ಫೈಫೋ (ಫಸ್ಟ್ ಇನ್ ಫಸ್ಟ್ ಔಟ್) ಪದ್ಧತಿಗೆ ನಾವು ಕಲಿಸುವ ಕನ್ನಡ "ಮೊದಲು ಬಂದದ್ದು ಮೊದಲು ಹೊರಕ್ಕೆ", ಲೈಫೋಗೆ (ಲಾಸ್ಟ್ ಇನ್ ಫಸ್ಟ್ ಔಟ್) "ಕೊನೆಗೆ ಬಂದದ್ದು ಮೊದಲು ಹೊರಕ್ಕೆ". ಲೈಫೋ ಈಗ ನಮ್ಮ ದೇಶದ ಲೆಕ್ಕ ಮಾನಕದಲ್ಲಿ (ಲೆಕ್ಕ ಬರೆಯುವ ಅಧಿಕೃತ ನಿಯಮದಲ್ಲಿ) ಇಲ್ಲ. ಪರಿಷ್ಕೃತ ಲೆಕ್ಕ ಮಾನಕ 2 ಜಾರಿಗೆ ಬಂದ 1999ರಿಂದ ಅದಕ್ಕೆ ಒಪ್ಪಿಗೆಯಿಲ್ಲ, ಅಂತರರಾಷ್ಟ್ರೀಯ ಮಾನಕವೂ 2003ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟಿತು, ಅಮೆರಿಕದಲ್ಲಿ ಇನ್ನೂ ನಡೆಯುತ್ತದೆ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಜೇವರ್ಗಿ ಕಡೆಯ ಹುಡುಗನೊಬ್ಬ ಎದ್ದು ನಿಂತ.

"ಮೇಡಂ, ನಮ್ಮ ಮುತ್ಯಾ ಹಗೇವಿನ್ಯಾಗ ಜ್ವಾಳ ಇಡ್ತಿದ್ದ. ಕಡೀಕ ಹಾಕಿದ್ದೇ ಮೊದಲ ಹೊರಗ ಬರ್ತಿತ್ತು. ಲೈಫೋ ನಡೆಯಂಗಿಲ್ಲ ಅಂತೀರಿ. ಹಂಗಾರ ಹಗೇವಿನಿಂದ ತೆಗೆದು ಮಾರೋದು ತಪ್ಪೇನ್ರಿ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನೆಲದೊಳಗಿನ ಹಗೇವಿಗೆ ಬಾಯಿ ಒಂದೇ. ತುಂಬುವುದೂ ಮೇಲಿನಿಂದ, ತೆಗೆಯುವುದೂ ಮೇಲಿನಿಂದ. ಕೊನೆಗೆ ಸುರಿದ ಜೋಳ ಮೊದಲು ಕೈಗೆ ಸಿಗುತ್ತದೆ. ನಮ್ಮ ಮನೆಯಲ್ಲಿ ಕಾಳು ತುಂಬಿಡುತ್ತಿದ್ದ ಗುಮ್ಮಿಗೆ ಬುಡದಲ್ಲಿ ಒಂದು ತೂತಿತ್ತು, ಅದಕ್ಕೆ ಹಳೆ ಅರಿವೆ ತುರುಕಿರುತ್ತಿದ್ದರು. ಮೇಲಿಂದ ಸುರಿಯುವುದು, ಕೆಳಗಿಂದ ಬಿಡಿಸಿಕೊಳ್ಳುವುದು. ಮೊದಲು ಹಾಕಿದ್ದು ಮೊದಲು ಇಳಿಯುತ್ತಿತ್ತು. ನಾವು ಕೊಟ್ಟ ಪದಗಳನ್ನು ನಂಬಿದರೆ ಹಗೇವು ಲೈಫೋ, ಗುಮ್ಮಿ ಫೈಫೋ. ಹುಡುಗ ಪದಕ್ಕೆ ನೂರಕ್ಕೆ ನೂರು ನಿಷ್ಠನಾಗಿಯೇ ಯೋಚಿಸಿದ್ದ. ಆದರೆ ಲೆಕ್ಕದ ಪದ್ಧತಿ ಕೇಳುವುದು ಕಾಳಿನ ದಾರಿಯನ್ನಲ್ಲ. ಒಂದೇ ಜಾತಿಯ ಮಾಲನ್ನು ಬೇರೆ ಬೇರೆ ದರಕ್ಕೆ ಕೊಂಡು ಒಂದೇ ಕಡೆ ಇಟ್ಟ ಮೇಲೆ, ಮಾರಿದ ಮಾಲಿಗೆ ಯಾವ ದರ ಹಚ್ಚಬೇಕು ಎಂಬುದಷ್ಟೇ ಅದರ ಪ್ರಶ್ನೆ. ಹಗೇವಿನಿಂದ ತೆಗೆದು ಮಾರುವವನು ಲೆಕ್ಕದಲ್ಲಿ ಫೈಫೋ ಹಿಡಿಯಬಹುದು, ಸರಾಸರಿಯನ್ನೂ ಹಿಡಿಯಬಹುದು.

ಹಲಗೆಯ ಮೇಲೆ ನಾನು ಹಾಕುವ ಲೆಕ್ಕ ಇದು. (ಅಂಕಿಗಳು ಅಭ್ಯಾಸಕ್ಕೆ ಇಟ್ಟುಕೊಂಡವು, ಪೇಟೆಯ ದರವಲ್ಲ.) ಒಬ್ಬ ವ್ಯಾಪಾರಿ ಒಂದೇ ತರಗತಿಯ ತೊಗರಿಯನ್ನು ಮೂರು ಸಲ ಕೊಂಡ. ಮೊದಲು 10 ಕ್ವಿಂಟಾಲ್ 6,000 ರೂಪಾಯಿಯಂತೆ, ಆಮೇಲೆ 10 ಕ್ವಿಂಟಾಲ್ 7,000ದಂತೆ, ಕೊನೆಗೆ 10 ಕ್ವಿಂಟಾಲ್ 8,000ದಂತೆ. ಒಟ್ಟು ಹಾಕಿದ ಹಣ 2,10,000. ಅದರಲ್ಲಿ 15 ಕ್ವಿಂಟಾಲನ್ನು 9,000ದಂತೆ ಮಾರಿದ, ಬಂದದ್ದು 1,35,000. ಫೈಫೋದಲ್ಲಿ ಮಾರಿದ ಮಾಲಿನ ಅಸಲು 95,000, ಲಾಭ 40,000, ಉಳಿದ ದಾಸ್ತಾನು 1,15,000. ಲೈಫೋದಲ್ಲಿ ಅಸಲು 1,15,000, ಲಾಭ 20,000, ದಾಸ್ತಾನು 95,000. ಸರಾಸರಿಯಲ್ಲಿ ಅಸಲು 1,05,000, ಲಾಭ 30,000. ತೊಗರಿ ಅದೇ, ಗಿರಾಕಿ ಅವನೇ, ಗಲ್ಲಾಕ್ಕೆ ಬಿದ್ದ ರೊಕ್ಕವೂ ಅಷ್ಟೇ. ಹಮಾಲ ಯಾವ ಮೂಲೆಯ ಚೀಲ ಎತ್ತಿದ ಎಂಬ ಮಾತು ಈ ಮೂರು ಉತ್ತರಗಳಲ್ಲಿ ಎಲ್ಲೂ ಬರಲಿಲ್ಲ.

ಅಂದಮೇಲೆ ಪದದೊಳಗೆ ಮಾಲು ಇರಬಾರದು, ದರ ಇರಬೇಕು. ನನ್ನ ವಾದ ಇಷ್ಟೇ.

ನಾನು ಮೊದಲು ಹಿಡಿದದ್ದು "ಮೊದಲ ಆವಕ, ಮೊದಲ ಜಾವಕ". ಬಂದದ್ದು, ಹೋದದ್ದು ಬರೆಯುವ ಕಚೇರಿಯ ಆವಕ–ಜಾವಕ ವಹಿ ಮಕ್ಕಳಿಗೆ ಗೊತ್ತು. ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ "ಗಂಜಿಗೆ ಆವಕ ಹೆಚ್ಚಾಗಿದೆ" ಎಂದು ಪತ್ರಿಕೆಯಲ್ಲೂ ಓದುತ್ತಾರೆ. (ಗಂಜು ಎಂದರೆ ನಮ್ಮ ಕಾಳಿನ ಪೇಟೆ.) ನಾಲಿಗೆಗೆ ಸಲೀಸು, ಕಿವಿಗೆ ಇಂಪು. ಒಂದು ವರ್ಷ ಅದನ್ನೇ ಕಲಿಸಿದೆ. ಆದರೆ ಆವಕವೂ ಮಾಲಿನದೇ, ಜಾವಕವೂ ಮಾಲಿನದೇ. ತೊಂದರೆ ಇದ್ದಲ್ಲೇ ಇತ್ತು, ಬೇರೆ ಅಂಗಿ ತೊಟ್ಟಿತ್ತು ಅಷ್ಟೆ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಮರುವರ್ಷ "ಹಳೆ ದರ ಮೊದಲು", "ಹೊಸ ದರ ಮೊದಲು" ಎಂದೆ. ಈಗ ಇನ್ನೊಂದು ಕಡೆಯಿಂದ ಪ್ರಶ್ನೆ ಬಂತು: "ಅಂದ್ರ ಹಳೇ ದರಕ್ಕ ಮಾರಬೇಕೇನ್ರಿ?" ನಿಜ. ಬರೀ ದರ ಅಂದರೆ ಕೊಂಡದ್ದೂ ಆಗುತ್ತದೆ, ಮಾರುವುದೂ ಆಗುತ್ತದೆ. ಹೀಗೆ ಸುತ್ತಿ ಬಳಸಿ ನಾನು ಬಂದು ನಿಂತದ್ದು ಮೂಲ ಪದದ ಮುಂದೆ. ಕಾಸ್ಟ್ ಅನ್ನುವುದಕ್ಕೆ ನಾವು ಏನನ್ನುತ್ತೇವೆ?

ಪಠ್ಯದ ಪದ "ವೆಚ್ಚ". ಅದು ನನಗೆ ಸಾಲದು. ಕಾಸ್ಟಿಗೂ ವೆಚ್ಚ, ಎಕ್ಸ್‌ಪೆನ್ಸಿಗೂ ವೆಚ್ಚ. ಮೇಲಿನ ಲೆಕ್ಕದಲ್ಲಿ ಉಳಿದ 1,15,000ದ ತೊಗರಿ ಇನ್ನೂ ವೆಚ್ಚವಾಗಿಲ್ಲ, ಅದು ಆಸ್ತಿ. ಅದಕ್ಕೇ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟಿನ) ಆಸ್ತಿ ಪಕ್ಕದಲ್ಲಿ ಕೂರುತ್ತದೆ. ವೆಚ್ಚ ಎಂದು ಕರೆದ ಮೇಲೆ ಅದು ಆಸ್ತಿ ಹೇಗಾಯಿತು ಎಂದು ಮಕ್ಕಳು ಕೇಳಿದರೆ ತಪ್ಪಲ್ಲ. ನಮ್ಮ ಕಾಕಾ ಗಂಜಿನ ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆಯುವ ಮುನೀಮರಾಗಿದ್ದವರು. ಅವರನ್ನು ಕೇಳಿದಾಗ ಒಂದೇ ಉಸಿರಿಗೆ ಹೇಳಿದರು: "ಮಾರೂತನಕ ಅಸಲು ನೋಡವ್ವ, ಮಾರಿದ ಮ್ಯಾಲ ಖರ್ಚು. ಅಸಲು ಮಾಲಿನ್ಯಾಗ ಕುಂತಿರ್ತದ." ಎರಡು ವಾರದ ಪಾಠ ಅದರೊಳಗಿದೆ.

ಹಾಗಾದರೆ ಅಸಲು ಸಾಕಲ್ಲ ಎನ್ನಬಹುದು. ಅರ್ಧ ಸಾಕು. ಸಾಲದ ಮಾತು ಬಂದ ಕೂಡಲೇ ಅಸಲು ಬೇರೆಯೇ ಆಗುತ್ತದೆ, ಬಡ್ಡಿಯ ಜೋಡಿ. ಒಂದೇ ಪ್ರಶ್ನೆಪತ್ರಿಕೆಯಲ್ಲಿ ಬ್ಯಾಂಕ್ ಸಾಲವೂ ದಾಸ್ತಾನೂ ಇದ್ದಾಗ ಗೋಜಲಾಗುತ್ತದೆ. ರೈತರ ಮಾತಿನ "ಲಾಗೋಡಿ" ಇದೆ. "ಈ ಸಲ ಹೊಲಕ್ಕ ಲಾಗೋಡಿ ಭಾಳ ಆತು" ಅನ್ನುವಾಗ ಬೀಜ, ಗೊಬ್ಬರ, ಕೀಟನಾಶಕದ ಎಣ್ಣೆ, ಕೂಲಿ ಎಲ್ಲ ಬಂತು. ಉತ್ಪಾದನೆಯ ವೆಚ್ಚಕ್ಕೆ ಅದಕ್ಕಿಂತ ಒಳ್ಳೆಯ ಪದ ನಾನು ಕೇಳಿಲ್ಲ. ಆದರೆ ಕೊಂಡು ಮಾರುವವನಿಗೆ ಅದು ಹೊಂದುವುದಿಲ್ಲ.

ಗಂಜಿನಲ್ಲಿ ನಾಮಪದಕ್ಕಿಂತ ಕ್ರಿಯಾಪದ ಗಟ್ಟಿಯಾಗಿದೆ ಎಂದು ಗೊತ್ತಾದದ್ದು ಅಲ್ಲಿ ಅರ್ಧ ದಿನ ಸುಮ್ಮನೆ ಕುಳಿತಾಗ. ಯಾರೂ "ವೆಚ್ಚ ಎಷ್ಟು" ಅನ್ನಲಿಲ್ಲ. "ನಿಮಗ ಎಷ್ಟಕ್ಕ ಬಿತ್ತು?" ಅಂದರು. ಈ "ಬಿತ್ತು"ವಿನೊಳಗೆ ಕೊಂಡ ದರ ಇದೆ, ಹಮಾಲಿ ಇದೆ, ಲಾರಿ ಬಾಡಿಗೆ ಇದೆ, ಖಾಲಿ ಚೀಲದ ದುಡ್ಡಿದೆ, ಮಾಲು ಅಂಗಡಿ ಮುಟ್ಟುವವರೆಗಿನ ಎಲ್ಲವೂ ಇದೆ. ಮಾಲನ್ನು ಅದು ಈಗಿರುವ ಜಾಗಕ್ಕೂ ಸ್ಥಿತಿಗೂ ತರಲು ತಗಲಿದ್ದೆಲ್ಲ ಅದರ ಕಾಸ್ಟ್ ಎಂದು ಮಾನಕ ಹೇಳುವುದೂ ಇದನ್ನೇ. ಮಾರವಾಡಿ ವ್ಯಾಪಾರಿಗಳ ಬಾಯಲ್ಲಿ ಇದೇ "ಪಡ್ತಾ". ಅವರ ಪಡ್‌ನಾ ಎಂದರೂ ಬೀಳುವುದೇ. ಬಿರ್ಲಾ ಮನೆತನದ ಉದ್ಯಮಗಳಲ್ಲಿ ಪಡ್ತಾ ಎಂಬ ಹೆಸರಿನ ಲೆಕ್ಕಪದ್ಧತಿಯೇ ಇತ್ತು. ಇಂಗ್ಲಿಷಿನ ಕಾಸ್ಟ್ ಲ್ಯಾಟಿನ್ನಿನಲ್ಲಿ ನಿಲ್ಲುವುದನ್ನು ಹೇಳುವ ಧಾತುವಿನಿಂದ ಬಂದದ್ದು. ಅಲ್ಲಿ ಬೆಲೆ ನಿಂತಿತು, ನಮ್ಮಲ್ಲಿ ಬಿತ್ತು.

ಈಗ ನನ್ನ ನಿಜವಾದ ತೊಡಕು. "ಬಿತ್ತು"ವನ್ನು ನಾಮಪದ ಮಾಡುವುದು ಹೇಗೆ? "ಬಿದ್ದ ದರ" ಅಂದರೆ ಕುಸಿದ ದರ ಎಂದಾಗಿಬಿಡುತ್ತದೆ. "ತೊಗರಿ ದರ ಬಿತ್ತು" ಎಂಬುದು ಅಳುವ ಮಾತು, "ತೊಗರಿ ಏಳು ಸಾವಿರಕ್ಕ ಬಿತ್ತು" ಎಂಬುದು ಲೆಕ್ಕದ ಮಾತು. ನಡುವೆ ಇರುವುದು ಒಂದು ಚತುರ್ಥಿ ವಿಭಕ್ತಿ. ಸಮಾಸ ಮಾಡಿದಾಗ ಆ "ಕ್ಕೆ" ಉದುರಿಹೋಗುತ್ತದೆ, ಅದರ ಜೊತೆ ಅರ್ಥವೂ. ಹುಟ್ಟುವಳಿ, ಹಿಡುವಳಿಯ ಜಾಡಿನಲ್ಲಿ "ಬೀಳುವಳಿ" ಎಂದು ಬರೆದು ನೋಡಿದೆ. ನನಗೆ ಹಿಡಿಸಿತು, ಆದರೆ ಹಳ್ಳಿಯ ಮಕ್ಕಳಿಗೆ ಬೀಳು ಬಿಟ್ಟ ಹೊಲ ನೆನಪಾಯಿತು. "ಪಡ್ತಾ" ಅಂತ ಇಟ್ಟುಕೊಂಡರೆ ಗೊಂದಲ ಇಲ್ಲ: "ಹಳೆ ಪಡ್ತಾ ಮೊದಲು", "ಹೊಸ ಪಡ್ತಾ ಮೊದಲು". ಉರ್ದು, ಮರಾಠಿ, ಹಿಂದಿ ಕಿವಿಯ ಮೇಲೆ ಬೀಳುವ ಕಲಬುರಗಿಯಲ್ಲಿ ಇದು ನಡೆದೀತು. ಗುಲ್ಬರ್ಗವೆಂದು ಬರೆಯುತ್ತಿದ್ದ ಕಾಲದಿಂದ ನಮ್ಮ ಖಾತೆ, ಕೀರ್ದಿ, ಶಿಲ್ಕು, ದಾಸ್ತಾನು, ಸರಾಸರಿ ಎಲ್ಲ ಹಾಗೆ ಬಂದು ಮನೆಯವೇ ಆದವು. ಮೈಸೂರಿನ ಹುಡುಗಿಗೆ ಇದು ದಕ್ಕುತ್ತದೆಯೇ?

ಉಳಿದ ಪದಗಳ ಬಗ್ಗೆ ಚುಟುಕಾಗಿ. "ತೂಕದ ಸರಾಸರಿ" ಅಂದರೆ ಮಕ್ಕಳು ತಕ್ಕಡಿ ನೆನೆಯುತ್ತಾರೆ. ಇಲ್ಲಿ ತೂಕ ಎಂದರೆ ಯಾವ ದರಕ್ಕೆ ಎಷ್ಟು ಮಾಲು ಕೊಂಡೆವು ಎಂಬುದು. 10 ಕ್ವಿಂಟಾಲ್ 6,000ದಂತೆ, 30 ಕ್ವಿಂಟಾಲ್ 8,000ದಂತೆ ಕೊಂಡರೆ ಸರಾಸರಿ 7,000 ಅಲ್ಲ, 7,500. ತೊಗರಿಗೆ ತಕ್ಕಡಿಯ ತೂಕವೇ ಇಲ್ಲಿನ ತೂಕವೂ ಆದ್ದರಿಂದ ಪಾರಾಗುತ್ತೇವೆ, ಅಂಗಿ, ಚಪ್ಪಲಿಯ ಲೆಕ್ಕ ಬಂದಾಗ ಸಿಕ್ಕಿಬೀಳುತ್ತೇವೆ. ಒಂದೊಂದು ಸಾಮಾನಿಗೂ ಅದರದೇ ಅಸಲು ಹಚ್ಚುವ "ನಿರ್ದಿಷ್ಟ ಗುರುತಿಸುವಿಕೆ" ಪದ್ಧತಿಗೆ ಬೀದರಿನ ಬಿದ್ರಿ ಅಂಗಡಿಗಿಂತ ಒಳ್ಳೆಯ ಉದಾಹರಣೆ ಬೇಡ. ಸತು, ತಾಮ್ರದ ಎರಕದಲ್ಲಿ ಬೆಳ್ಳಿಯ ಕುಸುರಿ ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಒಂದು ಹೂದಾನಿ ಇನ್ನೊಂದರ ಹಾಗಿರುವುದಿಲ್ಲ. ಬೆಳ್ಳಿ ಎಷ್ಟು ಹೋಯಿತು, ಕೈಕೆಲಸ ಎಷ್ಟು ದಿನ ಹಿಡಿಯಿತು ಎಂದು ಒಂದೊಂದಕ್ಕೂ ಬೇರೆ ಚೀಟಿ. ಬಿಡಿ ಸಾಮಾನನ್ನು ಇಲ್ಲಿ "ನಗ" ಎಂದೇ ಎಣಿಸುತ್ತಾರೆ. "ನಗವಾರು ಪಡ್ತಾ" ಅಂದರೆ ಮುಗಿಯಿತು.

"ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಎರಡರಲ್ಲಿ ಕಡಿಮೆ" ಎಂಬ ನಿಯಮವನ್ನು ಕಾಕಾ ಹೇಳಿದ ರೀತಿ ನನಗೆ ಬಾಯಿಪಾಠವಾಗಿದೆ: "ಎಷ್ಟಕ್ಕ ಬಿತ್ತು, ಎಷ್ಟು ಕೈಗೆ ಹತ್ತತದ, ಎರಡರಾಗ ಯಾವುದು ಕಮ್ಮಿ ಅದನ್ನ ಬರಿ." ಹುಳ ಹತ್ತಿದ ತೊಗರಿ 7,000ಕ್ಕೆ ಬಿದ್ದಿದ್ದರೂ, ಹಸನ ಮಾಡಿಸಿ ದಲಾಲಿ ಕಳೆದು ಕೈಗೆ 5,500 ಹತ್ತುವುದಾದರೆ, ವಹಿಯಲ್ಲಿ 5,500. ಬೀಳುವುದು, ಹತ್ತುವುದು ಎಂಬ ಜೋಡಿ ನಮ್ಮ ಬಾಯಲ್ಲೇ ಇರುವಾಗ ವಸೂಲಾತಿ ಮೌಲ್ಯ ಯಾಕೆ ಬೇಕು?

ಅರ್ಥಶಾಸ್ತ್ರದ ಕಡೆಯಿಂದ ಒಂದೇ ಒಂದು. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆಗೆ (ಆಪರ್ಚುನಿಟಿ ಕಾಸ್ಟಿಗೆ) "ಅವಕಾಶ ವೆಚ್ಚ" ಎಂಬ ಅನುವಾದ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. 6,000ಕ್ಕೆ ಬಿದ್ದ ತೊಗರಿಯನ್ನು, ಪೇಟೆಯಲ್ಲಿ 8,000 ನಡೆಯುವಾಗ, 7,000ಕ್ಕೆ ಕೇಳಿದರೆ ವ್ಯಾಪಾರಿ ಕೊಡುವುದಿಲ್ಲ. ವಹಿಯಲ್ಲಿ ಅದು ಸಾವಿರದ ಲಾಭ, ಅವನ ಮನಸ್ಸಿನಲ್ಲಿ ಸಾವಿರದ ಹಾನಿ. ಜಾಗ ಖಾಲಿಯಾದರೆ ಮತ್ತೆ ಇವತ್ತಿನ ದರಕ್ಕೇ ತುಂಬಬೇಕು. ಲೈಫೋ ಹುಟ್ಟಿದ್ದು ಇದೇ ಯೋಚನೆಯಿಂದ, ಇವತ್ತಿನ ಮಾರಾಟಕ್ಕೆ ಇವತ್ತಿಗೆ ಹತ್ತಿರದ ದರ ಹಚ್ಚಬೇಕೆಂದು. ದರ ಏರುವ ಕಾಲದಲ್ಲಿ ಫೈಫೋ ತೋರಿಸುವ 40,000ದಲ್ಲಿ ಒಂದು ಪಾಲು ಬರೀ ಇಟ್ಟುಕೊಂಡು ಕೂತದ್ದರಿಂದ ಬಂದದ್ದು. ಅವಕಾಶ ವೆಚ್ಚಕ್ಕೆ ನಾನು ತರಗತಿಯಲ್ಲಿ "ಕೈಬಿಟ್ಟ ಲಾಭ" ಎನ್ನುತ್ತಿದ್ದೇನೆ. ವೆಚ್ಚವನ್ನು ಲಾಭ ಎಂದು ಕರೆಯಬಹುದೇ ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಮಂಗಳೂರಿನ ಗೋದಾಮುಗಳಲ್ಲಿ "ಎಷ್ಟಕ್ಕೆ ಬಿತ್ತು" ಎಂದೇ ಕೇಳುತ್ತಾರೆಯೇ, ಬೇರೆ ಮಾತಿದೆಯೇ? ಆ ಮಾತಿಗೆ ನಾಮಪದ ರೂಪ ಎಲ್ಲಾದರೂ ಬಳಕೆಯಲ್ಲಿದ್ದರೆ, ಅದು ಬರುವ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ. ಮುಂದಿನ ತಿಂಗಳು ಮಕ್ಕಳಿಗೆ ಕೊಡುವ ಟಿಪ್ಪಣಿ ಅಚ್ಚಿಗೆ ಹೋಗಬೇಕು. ಅದರಲ್ಲಿ "ಪಡ್ತಾ" ಇರಲೋ, "ಬೀಳುವಳಿ" ಇರಲೋ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ.