ಬಳಕೆಯ ಮಾಹಿತಿ ಕಳುಹಿಸಲು ಒಪ್ಪಬಹುದೇ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ, ಪ್ರಶ್ನೆ:
ನಮ್ಮದು ಡಿಟಿಪಿ ಅಂಗಡಿ. ಕಂಪ್ಯೂಟರುಗಳಿಗೆ ಉಬುಂಟು 22.04 ಎಂಬ ಉಚಿತ ಲಿನಕ್ಸ್ ಹಾಕಿದ್ದೇನೆ, ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಇದ್ದರೆ ಕೆಲಸ ನಡೆಯುತ್ತದೆ. ಬಳಕೆಯ ಮಾಹಿತಿಯನ್ನು ತಯಾರಿಸಿದವರಿಗೆ ಕಳುಹಿಸಲೇ ಎಂದು ಒಂದು ಪ್ರೋಗ್ರಾಮ್ ಕೇಳುತ್ತದೆ, ಇನ್ನೊಂದರಲ್ಲಿ ಮೊದಲೇ ಟಿಕ್ ಬಿದ್ದಿದೆ. ಜನರ ಆಧಾರ್, ರೇಷನ್ ಕಾರ್ಡು, ಜಾಗದ ಅರ್ಜಿ ಎಲ್ಲ ಇದರಲ್ಲೇ ಇರುವುದು. ಆದರೆ ಇಷ್ಟು ಒಳ್ಳೆಯದನ್ನು ಮಾಡಿಕೊಟ್ಟವರಿಗೆ ನಮ್ಮಿಂದಲೂ ಏನಾದರೂ ಸಹಾಯ ಆಗಬೇಕು ಅನಿಸುತ್ತದೆ.

ಮಂಜೇಶ್ವರದಿಂದ:
ಅಣ್ಣ, ಇದರಲ್ಲಿ ಎರಡು ಬಗೆ ಉಂಟು. ಟೆಲಿಮೆಟ್ರಿ, ಅಂದರೆ ಪ್ರೋಗ್ರಾಮ್ ತಾನಾಗಿ ಕಳುಹಿಸುವ ಬಳಕೆಯ ಮಾಹಿತಿ, ಹೆಚ್ಚಾಗಿ ಲೆಕ್ಕದ ವಿಷಯ: ಯಾವ ಆವೃತ್ತಿ, ರ್‍ಯಾಮ್ ಎಷ್ಟು, ಪರದೆ ಎಷ್ಟು ದೊಡ್ಡದು, ಯಾವ ಭಾಷೆ. ಟರ್ಮಿನಲ್‌ನಲ್ಲಿ 'ಉಬುಂಟು-ರಿಪೋರ್ಟ್ ಶೋ' ಆಜ್ಞೆ ಕೊಟ್ಟರೆ ಹೋಗುವುದೆಲ್ಲ ಕಣ್ಣೆದುರಿಗೆ ಬರುತ್ತದೆ. ಫೈರ್‌ಫಾಕ್ಸಿನಲ್ಲಾದರೆ 'ಅಬೌಟ್:ಟೆಲಿಮೆಟ್ರಿ' ಪುಟ ನೋಡಿ. ನೋಡಿಯೇ ತೀರ್ಮಾನಿಸಿ.

ಕ್ರ್ಯಾಶ್ ರಿಪೋರ್ಟಿನ ಕತೆ ಬೇರೆ. ಪ್ರೋಗ್ರಾಮ್ ಹಠಾತ್ತನೆ ನಿಂತಾಗ ಮೆಮೊರಿಯಲ್ಲಿ ಇದ್ದದ್ದರ ಒಂದು ಪಾಲು ಅದರ ಜೊತೆ ಹೋಗಬಹುದು. ಆಗ ಯಾರದ್ದೋ ಅರ್ಜಿ ತೆರೆದಿದ್ದರೆ ಅದರ ತುಣುಕೂ ಸೇರಬಹುದು. ಆ ಅರ್ಜಿಯ ಪರವಾಗಿ ಒಪ್ಪಿಗೆ ಕೊಡುವ ಹಕ್ಕು ಅಂಗಡಿಯವರಿಗಿಲ್ಲ, ತಂದವರಿಗೆ ಮಾತ್ರ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಡಯಗ್ನೋಸ್ಟಿಕ್ಸ್ ತೆರೆದು 'ನೆವರ್' ಮಾಡಿ. ಲಿಬ್ರೆ ಆಫೀಸಿನ ಟೂಲ್ಸ್–ಆಪ್ಷನ್ಸ್‌ನಲ್ಲೂ ನೋಡಿಕೊಳ್ಳಿ. ಅಂಗಡಿಯಲ್ಲಿ ಇದು ಮೊದಲು ಆಗಬೇಕಾದ ಕೆಲಸ.

ಕುಂಬಳೆಯಿಂದ, ಶಾಲೆಯ ಮಾಷ್ಟ್ರು:
ಕೇರಳದ ಶಾಲೆಗಳ ಕೈಟ್ ಗ್ನು/ಲಿನಕ್ಸ್ ಕೂಡ ಉಬುಂಟುವಿನ ಮೇಲೆ ಕಟ್ಟಿದ್ದೇ. ಮಕ್ಕಳು ಕೂರುವ ಲ್ಯಾಬಿನಲ್ಲಿ ನಾನು ಎಲ್ಲವನ್ನೂ ಬೇಡ ಅಂತಲೇ ಇಡುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು. ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ.

ಮುಳ್ಳೇರಿಯದಿಂದ:
ಅಂಗಡಿಗೆ, ಶಾಲೆಗೆ ಅದು ಸರಿ. ಮನೆಯ ಕಂಪ್ಯೂಟರಿನಲ್ಲೂ ಬೇಡ ಎನ್ನಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲರೂ ಬೇಡ ಎಂದರೆ ಕನ್ನಡದಲ್ಲಿ ಡೆಸ್ಕ್‌ಟಾಪ್ ಬಳಸುವವರು ಇದ್ದಾರೆಂದು ತಯಾರಿಸುವವರಿಗೆ ಗೊತ್ತಾಗುವುದು ಹೇಗೆ? ನನ್ನದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್, ಅದರಲ್ಲಿ ಬಳಕೆಯ ಲೆಕ್ಕ ಕಳುಹಿಸುವ ಪಾಪ್‌ಕಾನ್‌ಗೆ ಹೌದು ಎಂದಿದ್ದೇನೆ. ಹಾಕುವಾಗಲೇ ಕೇಳುತ್ತದೆ, ಉತ್ತರ 'ಇಲ್ಲ' ಎಂದೇ ಇಟ್ಟಿರುತ್ತದೆ. ಒಪ್ಪಿದರೆ ಯಾವ ಪ್ಯಾಕೇಜುಗಳಿವೆ (ಯಾವ ಪ್ರೋಗ್ರಾಮುಗಳನ್ನು ಹಾಕಿದ್ದೇವೆ) ಎಂಬ ಪಟ್ಟಿ ವಾರಕ್ಕೊಮ್ಮೆ ಹೋಗುತ್ತದೆ, ಒಟ್ಟು ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪಿನಲ್ಲೂ ಸೆಟ್ಟಿಂಗಿನ ಗುಂಡಿಯನ್ನು ನಾವಾಗಿ ಮುಂದೆ ಸರಿಸಿದರೆ ಮಾತ್ರ ಮಾಹಿತಿ ಹೋಗುವುದು. ಕೇಳುವ ಕ್ರಮ ಹೀಗಿದ್ದರೆ ಕೊಡಲು ನನಗೆ ಸಂತೋಷವೇ.

ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ನೋಡಿ. 2021ರಲ್ಲಿ ಧ್ವನಿ ಸಂಪಾದಿಸುವ ಪ್ರೋಗ್ರಾಮ್ ಆಡಾಸಿಟಿಯವರು ಒಪ್ಪಿದವರಿಂದ ಮಾತ್ರ ಮಾಹಿತಿ ಪಡೆಯುತ್ತೇವೆ ಎಂದರೂ, ಅದಕ್ಕೆ ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಕಂಪನಿಯ ಸೇವೆ ಬಳಸುವ ಯೋಚನೆಯಿತ್ತು. ಬಳಸುವವರು ಗಟ್ಟಿಯಾಗಿ ವಿರೋಧಿಸಿದರು, ಅವರು ಕೈಬಿಟ್ಟರು.

ಬದಿಯಡ್ಕದವರಿಗೆ ಇನ್ನೊಂದು: ಫೈರ್‌ಫಾಕ್ಸಿನ ಟಿಕ್ ಕಂಪ್ಯೂಟರಿನ ಪ್ರತಿ ಲಾಗಿನ್‌ಗೂ ಬೇರೆ. ಕೆಲಸದವರಿಗೆ ಬೇರೆ ಲಾಗಿನ್ ಕೊಟ್ಟಿದ್ದರೆ ಅದರೊಳಗೂ ಹೋಗಿ ತೆಗೆಯಿರಿ.