ಕ್ಯಾಂಟೋಸ್ ಗೆದ್ದಿತು, ಸಿರ್ಟ್ ಸೋತಿತು: ಎರಡೂ ಉರಿಯೂತದ ಮೇಲಿನ ಪ್ರಯೋಗಗಳೇ, ವ್ಯತ್ಯಾಸ ಎಲ್ಲಿ?

ಪ್ರಶ್ನೆ – ಅಪಧಮನಿ_ಓದುಗ

ಹೃದಯರೋಗ ಸಂಶೋಧಕ ಪಾಲ್ ರಿಡ್ಕರ್ ಮುಂದಾಳತ್ವದ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. 2017ರ ಕ್ಯಾಂಟೋಸ್‌ನಲ್ಲಿ ಉರಿಯೂತ ತಡೆಯುವ ಕೆನಕಿನುಮ್ಯಾಬ್ ಕೊಟ್ಟಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯದಿದ್ದರೂ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವುಗಳ ಒಟ್ಟು ಲೆಕ್ಕ ಕಡಿಮೆಯಾಯಿತು. ಮರುವರ್ಷ ಹೊರಬಂದ ಸಿರ್ಟ್‌ನಲ್ಲಿ ಕಡಿಮೆ ಡೋಸ್ ಮೆಥೊಟ್ರೆಕ್ಸೇಟ್‌ನಿಂದ ಏನೂ ಪ್ರಯೋಜನ ಕಾಣಲಿಲ್ಲ. ಸಂಧಿವಾತದಲ್ಲಿ ಉರಿಯೂತ ತಗ್ಗಿಸುವ ಔಷಧ ಇಲ್ಲೇಕೆ ಕೈಕೊಟ್ಟಿತು?

ಇನ್ನೊಂದು ವಿಷಯ: ಹೈ-ಸೆನ್ಸಿಟಿವಿಟಿ ಸಿಆರ್‌ಪಿ (ಉರಿಯೂತ ಸೂಚಿಸುವ ರಕ್ತದ ಪ್ರೋಟೀನ್‌ನ ಸೂಕ್ಷ್ಮ ಅಳತೆ) ಲೀಟರ್‌ಗೆ 2 ಮಿಗ್ರಾಂ ಮೇಲಿರುವವರನ್ನು ಮಾತ್ರ ಸೇರಿಸಿಕೊಳ್ಳುವ ಸಣ್ಣ ಅಧ್ಯಯನವೊಂದರ ಕರಡು ಬರೆಯಬೇಕಿದೆ. ಒಂದೇ ಸಲ ಅಳೆದರೆ ಸಾಕೇ? ಜೊತೆಗೆ ನಡೆಯುವ ಇಲಿ ಪ್ರಯೋಗದಲ್ಲೂ ಸಿಆರ್‌ಪಿಯನ್ನೇ ನೋಡಬಹುದೇ?

ಉತ್ತರ – ಇಂಟರ್‌ಲ್ಯೂಕಿನ್6

ಸಿರ್ಟ್‌ನ ಫಲಿತಾಂಶದಲ್ಲಿ ಮೊದಲು ನೋಡಬೇಕಾದದ್ದು ಹೃದಯಾಘಾತದ ಸಂಖ್ಯೆಯನ್ನಲ್ಲ, ರಕ್ತದ ಸೂಚಕಗಳನ್ನು. ವಾರಕ್ಕೆ 15ರಿಂದ 20 ಮಿಗ್ರಾಂ ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಲ್ಲಿ ಐಎಲ್-1 ಬೀಟಾ, ಐಎಲ್-6 (ಇಂಟರ್‌ಲ್ಯೂಕಿನ್‌ಗಳು, ಅಂದರೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್‌ಗಳು), ಸಿಆರ್‌ಪಿ ಮೂರರಲ್ಲಿ ಒಂದೂ ಇಳಿಯಲಿಲ್ಲ. ಹಾಗಾಗಿ ಈ ಮೂರನ್ನು ಜೋಡಿಸುವ ದಾರಿಯ ಉರಿಯೂತ ಇಳಿಸಿದರೂ ಪ್ರಯೋಜನವಿಲ್ಲ ಎಂದು ಸಿರ್ಟ್ ತೋರಿಸಿಲ್ಲ. ಈ ಔಷಧ ಈ ದಾರಿಯನ್ನು ಮುಟ್ಟಲೇ ಇಲ್ಲ ಎಂದಷ್ಟೇ ತೋರಿಸಿದೆ. ಇವೆರಡನ್ನೂ ಒಂದೇ ಎಂದು ಓದುವ ತಪ್ಪು ತುಂಬಾ ಕಡೆ ಆಗುತ್ತಿದೆ.

ದಾರಿ ಯಾವುದೆಂದರೆ: ಅಪಧಮನಿಯ ಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆಯಾದ ಪ್ಲೇಕ್‌ನಲ್ಲಿ ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ. ಆ ಹರಳನ್ನು ನುಂಗಿದ ಮ್ಯಾಕ್ರೋಫೇಜ್‌ನ (ಕಸ ನುಂಗುವ ರಕ್ಷಣಾ ಕೋಶ) ಲೈಸೊಸೋಮ್ (ಕೋಶದ ಜೀರ್ಣಚೀಲ) ಹಾನಿಗೊಂಡು, ಉರಿಯೂತ ಶುರುಮಾಡುವ ಪ್ರೋಟೀನ್ ಜೋಡಣೆಯಾದ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ರೂಪುಗೊಳ್ಳುತ್ತದೆ. ಅದು ಚುರುಕುಗೊಳಿಸಿದ ಕ್ಯಾಸ್ಪೇಸ್-1 ಎಂಬ ಕಿಣ್ವ ಐಎಲ್-1 ಬೀಟಾದ ಪೂರ್ವರೂಪವನ್ನು ಕತ್ತರಿಸಿ ಸಕ್ರಿಯ ರೂಪಕ್ಕೆ ತರುತ್ತದೆ. ಐಎಲ್-1 ಬೀಟಾ ಐಎಲ್-6 ಅನ್ನು ಹೆಚ್ಚಿಸುತ್ತದೆ, ಐಎಲ್-6 ಯಕೃತ್ತು ಸಿಆರ್‌ಪಿ ತಯಾರಿಸುವಂತೆ ಮಾಡುತ್ತದೆ. ಕೆನಕಿನುಮ್ಯಾಬ್ ಐಎಲ್-1 ಬೀಟಾವನ್ನೇ ಹಿಡಿಯುವ ಪ್ರತಿಕಾಯ. ಮೂರು ತಿಂಗಳಿಗೊಮ್ಮೆ 150 ಮಿಗ್ರಾಂ ಪಡೆದವರಲ್ಲಿ ಸಿಆರ್‌ಪಿ ಪ್ಲಸೀಬೊಗಿಂತ (ಔಷಧವಿಲ್ಲದ ಹುಸಿ ಮದ್ದು) 37 ಶೇಕಡಾ ಅಂಕ ಹೆಚ್ಚು ಇಳಿಯಿತು, ಘಟನೆಗಳು ಶೇ 15ರಷ್ಟು ಕಡಿಮೆಯಾದವು.

ಜನರ ಆಯ್ಕೆಯಲ್ಲೂ ವ್ಯತ್ಯಾಸವಿದೆ. ಕ್ಯಾಂಟೋಸ್‌ನ 10,061 ಮಂದಿಯೂ ಹಿಂದೆ ಹೃದಯಾಘಾತವಾಗಿ, ಸಿಆರ್‌ಪಿ 2 ಅಥವಾ ಹೆಚ್ಚು ಇದ್ದವರು. ಸಿರ್ಟ್‌ನಲ್ಲಿ ಮಧುಮೇಹ ಅಥವಾ ಮೆಟಬಾಲಿಕ್ ಸಿಂಡ್ರೋಮ್ (ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಏರುಪೇರು ಒಟ್ಟಿಗಿರುವುದು) ಇರಬೇಕಿತ್ತು, ಸಿಆರ್‌ಪಿಗೆ ಮಿತಿ ಇಟ್ಟಿರಲಿಲ್ಲ. ಆರಂಭದಲ್ಲೇ ಕಡಿಮೆ ಇದ್ದದ್ದನ್ನು ಇನ್ನೆಷ್ಟು ಇಳಿಸಲು ಸಾಧ್ಯ?

ಉತ್ತರ – ಹಾಸಿಗೆಪಕ್ಕ

ಮೇಲಿನ ವಿವರಣೆ ಸರಿ, ಆದರೆ ಕ್ಯಾಂಟೋಸ್‌ನ ಬೆಲೆಯನ್ನೂ ಹೇಳಬೇಕು. ಮಾರಕ ಸೋಂಕು 100 ವ್ಯಕ್ತಿ-ವರ್ಷಕ್ಕೆ (ಅಂದರೆ ನೂರು ಜನರನ್ನು ಒಂದು ವರ್ಷ ಗಮನಿಸಿದರೆ) ಪ್ಲಸೀಬೊದಲ್ಲಿ 0.18 ಇದ್ದದ್ದು ಔಷಧ ಪಡೆದವರಲ್ಲಿ 0.31 ಆಯಿತು. ಒಟ್ಟು ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಲೆಕ್ಕದಲ್ಲಿ 150 ಮಿಗ್ರಾಂ ಗುಂಪಿನ ಮುಖ್ಯ ಘಟನೆಗಳು 4.50ರಿಂದ 3.86ಕ್ಕೆ ಇಳಿದದ್ದು ನಿಜ. ಆದರೆ ಈ ಅಂಕಿಗಳನ್ನು ಒಂದೇ ಪುಟದಲ್ಲಿಟ್ಟು ನೋಡದೆ ತೀರ್ಪು ಕೊಡಬಾರದು.

ಮೂರು ತಿಂಗಳಿಗೆ ಸಿಆರ್‌ಪಿ 2ರ ಕೆಳಗೆ ಬಂದವರಲ್ಲಿ ಲಾಭ ಶೇ 25ರಷ್ಟಿತ್ತು ಎಂಬ ವಿಶ್ಲೇಷಣೆಯನ್ನು ಉಲ್ಲೇಖಿಸುವುದಾದರೆ ಎಚ್ಚರಿಕೆ: ಆ ಗುಂಪು ಯಾದೃಚ್ಛಿಕವಾಗಿ ಆದದ್ದಲ್ಲ, ಔಷಧ ಶುರುವಾದ ಮೇಲೆ ಏರ್ಪಟ್ಟದ್ದು.

ಅಗ್ಗದ ದಾರಿಯಾದ, ಗೌಟ್‌ಗೆ ಕೊಡುವ ಹಳೆಯ ಔಷಧ ಕಾಲ್ಚಿಸಿನ್ ಕಡೆ ಚಿತ್ರ ಇನ್ನೂ ಒಂದಾಗಿಲ್ಲ. ದಿನಕ್ಕೆ 0.5 ಮಿಗ್ರಾಂ ಕೊಟ್ಟ ಕೋಲ್ಕಾಟ್ (2019) ಮತ್ತು ಲೊಡೊಕೊ2 (2020) ಪ್ರಯೋಗಗಳು ಲಾಭ ತೋರಿಸಿದವು. 7,062 ಮಂದಿಯ ಕ್ಲಿಯರ್ (2024) ಪ್ರಯೋಗದಲ್ಲಿ ಹೃದಯಾಘಾತದ ಬೆನ್ನಲ್ಲೇ ಕೊಟ್ಟರೂ ಲಾಭ ಕಾಣಲಿಲ್ಲ. ಲೊಡೊಕೊ2ರಲ್ಲಿ ಮೊದಲ ಒಂದು ತಿಂಗಳು ಎಲ್ಲರಿಗೂ ಔಷಧ ಕೊಟ್ಟು, ಒಗ್ಗದವರನ್ನು ಬಿಟ್ಟೇ ಗುಂಪು ಮಾಡಿದ್ದರು. ಹೊಟ್ಟೆ ಕೆಡುವ ಪ್ರಮಾಣವನ್ನು ಅಲ್ಲಿಂದ ಓದಲು ಹೋಗಬೇಡಿ. ನಿಮ್ಮ ಕರಡಿನಲ್ಲಿ ಕಾಲ್ಚಿಸಿನ್ ಬಂದರೆ ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವವರನ್ನು ಮತ್ತು ಮೂತ್ರಪಿಂಡ ತೀವ್ರವಾಗಿ ಕುಂದಿದವರನ್ನು ಹೊರಗಿಡಿ. ರಕ್ತದಲ್ಲಿ ಔಷಧ ಏರಿ ಸ್ನಾಯು, ಮೂಳೆಮಜ್ಜೆಗೆ ವಿಷವಾಗುತ್ತದೆ.

ಉತ್ತರ – ಸೀರಮ್_ಟ್ಯೂಬ್

ಅಳತೆಯ ಭಾಗಕ್ಕೆ ಉತ್ತರ. ಒಂದು ಸಲ ಸಾಲದು. ಎರಡು ವಾರದ ಅಂತರದಲ್ಲಿ ಎರಡು ಸಲ ತೆಗೆದು ಸರಾಸರಿ ಹಿಡಿಯಿರಿ. ಸಿಆರ್‌ಪಿಯ ಅರ್ಧಾಯು ಸುಮಾರು 19 ಗಂಟೆ, ಅಂದರೆ ಒಂದು ನೆಗಡಿ, ಹಲ್ಲಿನ ಸೋಂಕು, ಲಸಿಕೆ ಯಾವುದಾದರೂ ಅದನ್ನು ಏರಿಸಿ ಕೆಲವೇ ದಿನಗಳಲ್ಲಿ ಇಳಿಸಿಬಿಡಬಹುದು. 10 ದಾಟಿದ ಮಾದರಿಯನ್ನು ಸರಾಸರಿಗೆ ಸೇರಿಸದೆ, ಸೋಂಕು ಇದೆಯೇ ನೋಡಿ, ಮತ್ತೆ ತೆಗೆಯಿರಿ. ಉಪವಾಸ ಬೇಕಿಲ್ಲ. ಬಾಯಿಯಿಂದ ಈಸ್ಟ್ರೊಜೆನ್ ತೆಗೆದುಕೊಳ್ಳುವವರಲ್ಲಿ ಪ್ಲೇಕ್‌ಗೆ ಸಂಬಂಧವೇ ಇಲ್ಲದೆ ಸಿಆರ್‌ಪಿ ಏರುತ್ತದೆ, ಪ್ರಶ್ನಾವಳಿಯಲ್ಲಿ ಆ ಸಾಲು ಇರಲಿ.

ಪ್ರಯೋಗಾಲಯಕ್ಕೆ ಕಳಿಸುವಾಗ ಚೀಟಿಯಲ್ಲಿ "ಹೈ-ಸೆನ್ಸಿಟಿವಿಟಿ" ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಸಾಮಾನ್ಯ ಸಿಆರ್‌ಪಿ ಮಾಡಿಬಿಡುತ್ತಾರೆ. ಅದು ನಿಮಗೆ ಬೇಕಾದ 1ರಿಂದ 3ರ ವ್ಯಾಪ್ತಿಯನ್ನು ನಂಬಿಕೆಯಿಂದ ಬೇರ್ಪಡಿಸುವುದಿಲ್ಲ. ಅಂಕಿಗಳು ಬಲಕ್ಕೆ ಎಳೆದುಕೊಂಡಿರುತ್ತವೆ, ಅಂದರೆ ಹೆಚ್ಚಿನವರದು ಕಡಿಮೆ, ಕೆಲವರದು ಮಾತ್ರ ತುಂಬಾ ಹೆಚ್ಚು; ಲಾಗ್ ತೆಗೆದೇ ವಿಶ್ಲೇಷಿಸಿ, ಮೀಡಿಯನ್ (ನಡುಮೌಲ್ಯ) ವರದಿ ಮಾಡಿ.

ಸಿಆರ್‌ಪಿ ಸೂಚಕ ಮಾತ್ರ, ಕಾರಣವಲ್ಲ ಎಂಬುದನ್ನೂ ಪೀಠಿಕೆಯಲ್ಲೇ ಹೇಳಿಬಿಡಿ. ಸಿಆರ್‌ಪಿ ಜೀನ್‌ನ ರೂಪಾಂತರದಿಂದ ಜೀವನವಿಡೀ ಸಿಆರ್‌ಪಿ ಹೆಚ್ಚಿರುವವರಲ್ಲಿ ಹೃದಯಕಾಯಿಲೆ ಹೆಚ್ಚಿಲ್ಲ. ಆದರೆ ಐಎಲ್-6ರ ಸಂಕೇತ ಕುಗ್ಗಿಸುವ ಗ್ರಾಹಕ-ರೂಪಾಂತರವಿದ್ದವರಲ್ಲಿ ಹೃದಯಕಾಯಿಲೆ ಕಡಿಮೆ ಇದೆ.

ಉತ್ತರ – ಇಂಟರ್‌ಲ್ಯೂಕಿನ್6

ಇಲಿಯ ಪ್ರಶ್ನೆ ಉಳಿದಿತ್ತು. ಬೇಡ. ಇಲಿಯಲ್ಲಿ ಸಿಆರ್‌ಪಿ ಉರಿಯೂತಕ್ಕೆ ಅಷ್ಟಾಗಿ ಏರುವುದಿಲ್ಲ. ಉರಿಯೂತದಲ್ಲಿ ಏರುವ ಇನ್ನೊಂದು ಪ್ರೋಟೀನ್ ಆದ ಸೀರಮ್ ಅಮೈಲಾಯ್ಡ್ ಎ ಅಳೆಯಿರಿ. ಕೋಶಗಳ ಮೇಲೆ ಕೊಲೆಸ್ಟ್ರಾಲ್ ಹರಳು ಹಾಕುವ ಯೋಚನೆಯಿದ್ದರೆ, ಮೊದಲು ಹರಳಿನ ತಯಾರಿಯಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾ ಗೋಡೆಯ ವಿಷ, ಅಂದರೆ ಎಲ್‌ಪಿಎಸ್) ಇದೆಯೇ ಪರೀಕ್ಷಿಸಿ. ಕೋಶವನ್ನು ಮೊದಲು ಸಿದ್ಧಗೊಳಿಸಲು ಬಳಸುವ ಈ ಎಲ್‌ಪಿಎಸ್ ಕೊಡದೆ ಹರಳು ಮಾತ್ರ ಹಾಕಿದ ಕಂಟ್ರೋಲ್‌ನಲ್ಲೂ ಐಎಲ್-1 ಬೀಟಾ ಕಂಡರೆ ಹರಳು ಅಶುದ್ಧವಾಗಿರುವ ಸಾಧ್ಯತೆಯೇ ಹೆಚ್ಚು.

ಉತ್ತರ – ಸೀರಮ್_ಟ್ಯೂಬ್

ಒಂದು ಮಾತು ಬಿಟ್ಟುಹೋಯಿತು: ವರದಿಯ ಘಟಕ ನೋಡಿ. ಕೆಲವು ಕಡೆ ಲೀಟರ್‌ಗೆ, ಕೆಲವು ಕಡೆ ಡೆಸಿಲೀಟರ್‌ಗೆ ಬರೆಯುತ್ತಾರೆ. ಡೆಸಿಲೀಟರ್‌ಗೆ 0.3 ಎಂದರೆ ಲೀಟರ್‌ಗೆ 3. ಪರಿವರ್ತಿಸದೆ ಮಿತಿ ಹಾಕಿದರೆ ಸೇರಬೇಕಾದ ವ್ಯಕ್ತಿಯೇ ಹೊರಗುಳಿಯುತ್ತಾನೆ.